ಬಾಗಿಲು ಹಾಕದೆ ದುರಸ್ತಿ

ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ೧೯೩೦ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಂದು ಕಟ್ಟಡ ನಡೆಯಲಾರಂಭಿಸಿತು. ಇದು ಕಟ್ಟುಕಥೆಯಲ್ಲ. ಇಂಡಿಯಾನಾ ಬೆಲ್ ಎಂಬ ಟೆಲಿಫೋನ್ ಕಂಪನಿಗೆ ಸೇರಿದ ಎಂಟು ಅಂತಸ್ತಿನ ಸೌಧ ಅದು. ತೂಕ ಸುಮಾರು ೧೧,೦೦೦ ಟನ್. ಅದೇ ನಿವೇಶನದಲ್ಲಿ ಕಂಪನಿಗೆ ಇನ್ನೂ ದೊಡ್ಡ ಕಟ್ಟಡ ಬೇಕಾಗಿತ್ತು. ಹಳೆಯದನ್ನು ಕೆಡವೋಣವೆಂದರೆ ಟೆಲಿಫೋನ್ ಸೇವೆಗೆ ಭಂಗ ಬರುತ್ತದೆ. ಆದುದರಿಂದ ಇಡೀ ಸೌಧವನ್ನೇ ಅಂಗುಲ ಅಂಗುಲವಾಗಿ ಸರಿಸಿ, ತೊಂಬತ್ತು ಡಿಗ್ರಿ ತಿರುಗಿಸಿ, ಬೇರೊಂದು ಮಗ್ಗುಲಿಗೆ ಒಯ್ದು ನಿಲ್ಲಿಸಿದರು. ಸುಮಾರು ಒಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಒಳಗೆ ೬೦೦ ಮಂದಿ ನೌಕರರು ಎಂದಿನಂತೆ ಬಂದು ಕೆಲಸ ಮಾಡಿ ಹೋಗುತ್ತಿದ್ದರು. ನೀರು, ವಿದ್ಯುತ್ತು, ಅನಿಲ ಇವುಗಳ ಜೋಡಣೆಯನ್ನೆಲ್ಲ ಬಳುಕುವಂತೆ ಮಾಡಿಟ್ಟಿದ್ದರು. ಟೆಲಿಫೋನು ಎತ್ತಿ ಮಾತನಾಡಿದ ಊರಿನವರ ಕಿವಿಗೆ ಕಂಪನಿಯ ಮನೆ ಚಲಿಸುತ್ತಿದೆಯೆಂಬ ಸುಳಿವೇ ಹತ್ತಲಿಲ್ಲ.

ಅಂಥದೇ ಕೆಲಸ ಇಂದು ಪ್ರತಿದಿನ, ಪ್ರತಿಗಂಟೆ, ಜಗತ್ತಿನ ಉದ್ದಗಲಕ್ಕೂ ನಡೆಯುತ್ತಿದೆ. ನೋಡುವುದಕ್ಕೆ ಮಾತ್ರ ಯಾರೂ ನೆರೆಯುವುದಿಲ್ಲ. ವಾಚಕರು ತಮ್ಮ ಫೋನಿನಲ್ಲಿ ರೈಲು ಟಿಕೆಟು ಕಾದಿರಿಸುತ್ತಿರುವಾಗಲೋ ಬ್ಯಾಂಕಿನ ಲೆಕ್ಕ ನೋಡುತ್ತಿರುವಾಗಲೋ, ಎಲ್ಲೋ ದೂರದಲ್ಲಿ ಅವರಿಗೆ ಉತ್ತರ ಕೊಡುತ್ತಿದ್ದ ಯಂತ್ರವನ್ನು ಯಾರೋ ಮೆಲ್ಲನೆ ಎಬ್ಬಿಸಿ ಕರೆದೊಯ್ದಿರುವ ಸಂಭವ ಉಂಟು. ಅದು ಗೊತ್ತಾಗಲಿಲ್ಲವೆಂದರೆ ಕೆಲಸ ಚೆನ್ನಾಗಿ ನಡೆಯಿತೆಂದು ಅರ್ಥ.

ಬಡಿಸುವವನು ಎದ್ದುಹೋದರೆ

‘ಸರ್ವರ್ ಡೌನ್’ ಎಂಬ ಮಾತು ಈಗ ಅಚ್ಚಗನ್ನಡವೇ ಆಗಿಹೋಗಿದೆ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಗೃಹಿಣಿಗೂ, ನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಹಿಡಿದು ಕುಳಿತ ಯಜಮಾನರಿಗೂ ಅದರ ರುಚಿ ಗೊತ್ತು. ಸರ್ವರ್ ಎಂದರೆ ಬಡಿಸುವವನು. ನಾವು ಕೇಳಿದ್ದನ್ನು ಒಳಗಿನಿಂದ ತಂದು ನಮ್ಮ ಎಲೆಗೆ ಹಾಕುವ ಕಂಪ್ಯೂಟರಿಗೆ ಆ ಹೆಸರು. ಸಣ್ಣ ಸಂಸಾರಕ್ಕೆ ಒಬ್ಬ ಬಡಿಸುವವನು ಸಾಕು. ದೊಡ್ಡ ಸಂಸ್ಥೆಗಳಿಗೆ ಹತ್ತು, ನೂರು, ಕೆಲವಕ್ಕೆ ಸಾವಿರಗಟ್ಟಲೆ ಬೇಕು. ಎಲ್ಲವೂ ಒಂದೇ ಅಚ್ಚಿನವು. ಯಾವುದರ ಬಳಿಗೆ ಹೋದರೂ ಅದೇ ಉತ್ತರ ದೊರೆಯಬೇಕು.

ಇವುಗಳ ಮುಂದೆ, ಮುಂಬಾಗಿಲಲ್ಲಿ, ಇನ್ನೊಂದು ಯಂತ್ರವಿರುತ್ತದೆ. ಲೋಡ್ ಬ್ಯಾಲೆನ್ಸರ್ ಎಂದು ಅದರ ಹೆಸರು. ಬಂದವರನ್ನೆಲ್ಲ ಒಳಗಿನ ಯಂತ್ರಗಳಿಗೆ ಸಮನಾಗಿ ಹಂಚಿ ಕಳುಹಿಸುವುದು ಅದರ ಕೆಲಸ. ಹಾಗಾಗಿ ನಾವು ಅದನ್ನು ದ್ವಾರಪಾಲಕನೆಂದು ಕರೆಯಬಹುದು. ನಾವು ಕಾಣುವುದು ದ್ವಾರಪಾಲಕನೊಬ್ಬನನ್ನೇ. ಒಳಗೆ ಎಷ್ಟು ಮಂದಿ ಇದ್ದಾರೆ, ನಮಗೆ ಬಡಿಸಿದವನು ಯಾವನು ಎಂಬುದು ನಮಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ.

ಈ ಯಂತ್ರಗಳನ್ನು ಆಗಾಗ ನಿಲ್ಲಿಸಲೇಬೇಕಾಗುತ್ತದೆ. ಡಿಸ್ಕು ಸವೆಯುತ್ತದೆ, ಬೀಸಣಿಗೆ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ ತಂತ್ರಾಂಶಗಳಲ್ಲಿ ತೂತುಗಳು ಕಾಣಿಸಿಕೊಳ್ಳುತ್ತವೆ. ೨೦೧೪ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಲೋಪ ಬಯಲಾದದ್ದನ್ನು ಕೆಲವರು ಬಲ್ಲರು. ಗುಟ್ಟಿನ ಸಂಭಾಷಣೆಗೆಂದೇ ಜಗತ್ತಿನ ಅಸಂಖ್ಯ ಸರ್ವರುಗಳು ಬಳಸುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಅದು ಅಡಗಿತ್ತು. ಉಪಾಯವಾಗಿ ಕೇಳಿದ ಕಳ್ಳನಿಗೆ ಸರ್ವರು ತನ್ನ ನೆನಪಿನಲ್ಲಿದ್ದ ಚೂರುಪಾರುಗಳನ್ನು, ಗುಪ್ತಪದಗಳೂ ಸೇರಿದಂತೆ, ತಾನಾಗಿ ಒಪ್ಪಿಸಿಬಿಡುತ್ತಿತ್ತು. ಹೊಸ ತಂತ್ರಾಂಶ ಹಾಕಿ, ಸೇವೆಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸದೆ ಗತ್ಯಂತರವಿರಲಿಲ್ಲ. ಅಂಥ ಸಮಯದಲ್ಲಿ ‘ಮುಂದಿನ ಭಾನುವಾರ ನೋಡೋಣ’ ಎನ್ನುವಂತಿಲ್ಲ.

ಹಿಂದಿನ ಕ್ರಮ ಸರಳವಾಗಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕದವಿಕ್ಕಿಕೊಂಡು ದುರಸ್ತಿ ಮಾಡುವುದು, ಬೆಳಗಾಗುವುದರೊಳಗೆ ತೆರೆಯುವುದು. ನಮ್ಮ ರೈಲ್ವೆ ಟಿಕೆಟಿನ ಜಾಲತಾಣವು ಬಹು ವರ್ಷಗಳ ಕಾಲ ನಡುರಾತ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಬಾಗಿಲು ಮುಚ್ಚುವ ಪದ್ಧತಿ ಇಟ್ಟುಕೊಂಡಿದ್ದುದು ಪ್ರಯಾಣಿಕರಿಗೆ ನೆನಪಿದ್ದೀತು. ಆದರೆ ಈಗ ರಾತ್ರಿಯೆಂಬುದೇ ಇಲ್ಲವಾಗಿದೆ. ಮೈಸೂರಿನಲ್ಲಿರುವ ತಾಯಿತಂದೆಯರ ವಿದ್ಯುತ್ ಬಿಲ್ಲನ್ನು ಕ್ಯಾಲಿಫೋರ್ನಿಯಾದಲ್ಲಿರುವ ಮಗ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಟ್ಟುತ್ತಾನೆ. ಇಲ್ಲಿ ಆಗ ಸರಿಯಾಗಿ ನಡುರಾತ್ರಿ ದಾಟಿರುತ್ತದೆ.

ಹಾಗಾದರೆ ಹತ್ತು ಯಂತ್ರಗಳಲ್ಲಿ ಒಂದನ್ನು ಸುಮ್ಮನೆ ಆರಿಸಿಬಿಟ್ಟರೆ ಏನಾದೀತು? ಉಳಿದ ಒಂಬತ್ತು ಇವೆಯಲ್ಲ? ದ್ವಾರಪಾಲಕನು ಒಳಗಿನವರನ್ನು ಆಗಾಗ ‘ಇದ್ದೀಯಾ?’ ಎಂದು ವಿಚಾರಿಸಿಕೊಳ್ಳುತ್ತಿರುತ್ತಾನೆ, ನಿಜ. ಎಚ್‌.ಎ. ಪ್ರಾಕ್ಸಿ ಎಂಬ ಪ್ರಸಿದ್ಧ ದ್ವಾರಪಾಲಕನಿಗೆ ನಾವು ಬೇರೇನೂ ಅಪ್ಪಣೆ ಕೊಡದಿದ್ದರೆ ಎರಡು ಸೆಕೆಂಡಿಗೊಮ್ಮೆ ವಿಚಾರಿಸಿಕೊಂಡು, ಸತತವಾಗಿ ಮೂರು ಸಲ ಉತ್ತರ ಬಾರದಿದ್ದಾಗ ಮಾತ್ರ ‘ಈತ ಇಲ್ಲ’ ಎಂದು ತೀರ್ಮಾನಿಸುತ್ತಾನೆ. ಅಂದರೆ ಹತ್ತಿರ ಹತ್ತಿರ ಆರು ಸೆಕೆಂಡು. ಆ ಯಂತ್ರಕ್ಕೆ ಸೆಕೆಂಡಿಗೆ ನೂರು ಕೋರಿಕೆಗಳು ಬರುತ್ತಿದ್ದರೆ ಐದಾರು ನೂರು ಮಂದಿ ಮುಚ್ಚಿದ ಬಾಗಿಲಿಗೆ ಹಣೆ ತಾಗಿಸಿಕೊಳ್ಳುವ ಸಂಭವವಿದೆ.

ಅವರಾದರೂ ಇನ್ನೊಮ್ಮೆ ಪ್ರಯತ್ನಿಸಿಯಾರು. ಆ ಹೊತ್ತಿಗೆ ಒಳಗಿದ್ದವರ ಪಾಡು ಅದಕ್ಕಿಂತ ಕಷ್ಟದ್ದು. ಹಣ ಖಾತೆಯಿಂದ ಹೋಗಿದೆ, ಟಿಕೆಟಿನ ಸಂಖ್ಯೆ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಯಂತ್ರ ಆರಿತು. ಎಲೆಯ ಮೇಲೆ ಅನ್ನ ಬಿದ್ದಿದೆ, ಸಾರು ತರುತ್ತೇನೆಂದು ಹೋದವನು ಮನೆಗೇ ಹೊರಟುಹೋದ ಹಾಗೆ. ಹಣ ಎಲ್ಲಿ ಹೋಯಿತೆಂದು ವಿಚಾರಿಸುತ್ತ ವಾರಗಟ್ಟಲೆ ಪತ್ರವ್ಯವಹಾರ ನಡೆಸಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಕಿಟಕಿಯ ಹಲಗೆ

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ; ಅಂಚೆಕಚೇರಿಯ ಗುಮಾಸ್ತರು ಬಹುಕಾಲದಿಂದ ಅನುಸರಿಸಿಕೊಂಡು ಬಂದದ್ದೇ. ಕಿಟಕಿ ಮುಚ್ಚುವ ಹೊತ್ತು ಹತ್ತಿರವಾದಾಗ ಅನುಭವಸ್ಥ ಗುಮಾಸ್ತರು ಧಡಕ್ಕನೆ ಬಾಗಿಲೆಳೆಯುವುದಿಲ್ಲ. ಸಾಲಿನ ಕೊನೆಯಲ್ಲಿ ನಿಂತವರನ್ನು ಗುರುತಿಸಿ, ‘ಇವರ ಹಿಂದೆ ಇನ್ನು ಯಾರೂ ನಿಲ್ಲಬೇಡಿ, ಪಕ್ಕದ ಕಿಟಕಿಗೆ ಹೋಗಿ’ ಎನ್ನುತ್ತಾರೆ. ನಿಂತಿರುವವರ ಕೆಲಸವನ್ನು ಮುಗಿಸಿಕೊಡುತ್ತಾರೆ. ಕೊನೆಯವನು ರಸೀದಿ ಮಡಿಸಿಕೊಂಡು ಹೊರಟ ಮೇಲೆ ಹಲಗೆ ಇಡುತ್ತಾರೆ.

ಸರ್ವರುಗಳ ಲೋಕದಲ್ಲಿ ಇದಕ್ಕೆ ‘ಡ್ರೇನ್’ ಮಾಡುವುದು ಎನ್ನುತ್ತಾರೆ. ತೊಟ್ಟಿಗೆ ಬರುವ ನೀರನ್ನು ನಿಲ್ಲಿಸಿ, ಇದ್ದ ನೀರು ತಾನಾಗಿ ಬಸಿದುಹೋಗಲು ಬಿಟ್ಟ ಹಾಗೆ. ಮೇಲೆ ಹೇಳಿದ ಎಚ್‌.ಎ. ಪ್ರಾಕ್ಸಿಯನ್ನು ೨೦೦೧ರಲ್ಲಿ ಹೊರತಂದವರು ಫ್ರಾನ್ಸಿನ ವಿಲ್ಲಿ ತಾರೋ ಎಂಬ ಎಂಜಿನಿಯರು. ಅದರಲ್ಲಿ ಒಂದೊಂದು ಸರ್ವರನ್ನೂ ಮೂರು ಸ್ಥಿತಿಗಳಲ್ಲಿ ಇರಿಸಬಹುದು: ಸೇವೆಗೆ ಸಿದ್ಧ, ಬಸಿಯುತ್ತಿದೆ, ದುರಸ್ತಿಯಲ್ಲಿದೆ. ಮೊದಲನೆಯದರಿಂದ ನೇರವಾಗಿ ಮೂರನೆಯದಕ್ಕೆ ನೆಗೆಯದೆ ನಡುವಿನದರಲ್ಲಿ ತಾಳ್ಮೆಯಿಂದ ಕಾಯುವುದರಲ್ಲಿಯೇ ವಿದ್ಯೆಯೆಲ್ಲ ಇದೆ. ತನ್ನ ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ಸಂಸ್ಥೆಯು ತನ್ನ ದ್ವಾರಪಾಲಕನಿಗೆ ಈ ಸೌಜನ್ಯವನ್ನು ಕಲಿಸಿದ್ದು ೨೦೧೪ರಲ್ಲಿ. ಅಲ್ಲಿ ಯಾರೂ ಬೇರೆ ಹೇಳದಿದ್ದರೆ ೩೦೦ ಸೆಕೆಂಡು ಕಾಯುವುದು ರೂಢಿ. ಹೆಚ್ಚೆಂದರೆ ೩,೬೦೦ ಸೆಕೆಂಡು, ಎಂದರೆ ಒಂದು ಗಂಟೆ, ಕಾಯಿಸಬಹುದು.

ಕಾಯುವುದಕ್ಕೂ ಒಂದು ಮಿತಿ ಏಕೆ ಬೇಕು? ಏಕೆಂದರೆ ಕೆಲವರು ಎದ್ದು ಹೋಗುವುದೇ ಇಲ್ಲ. ದುರಸ್ತಿಗೆ ಕುಳಿತ ಎಂಜಿನಿಯರಿನ ಮುಂದೆ ಪರದೆಯ ಮೇಲೆ ಒಂದು ಸಂಖ್ಯೆ ಇಳಿಯುತ್ತಿರುತ್ತದೆ: ಒಳಗೆ ಇನ್ನೂ ೪೦೦ ಮಂದಿ, ೧೨೦, ೩೦, ೭, ೩. ಆ ಮೂರಕ್ಕೆ ಬಂದು ನಿಂತುಬಿಡುತ್ತದೆ. ಯಾರೋ ಒಬ್ಬರು ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುತ್ತಿದ್ದಾರೆ. ಇನ್ನೊಬ್ಬರು ಪುಟ ತೆರೆದಿಟ್ಟು ಅಡುಗೆಮನೆಗೆ ಹೋಗಿದ್ದಾರೆ, ಸಂಪರ್ಕ ಮಾತ್ರ ಜೀವಂತವಾಗಿದೆ. ಮದುವೆ ಮುಗಿದು ಚಪ್ಪರ ಬಿಚ್ಚಿದರೂ ಛತ್ರದ ಮೂಲೆಯಲ್ಲಿ ಹಾಸಿಗೆ ಸುತ್ತದೆ ಉಳಿದ ನೆಂಟರನ್ನು ಕಂಡವರಿಗೆ ಇದು ಹೊಸದೆನಿಸದು. ಎಷ್ಟು ಹೊತ್ತು ಕಾಯಬೇಕು, ಯಾವಾಗ ‘ಕ್ಷಮಿಸಿ’ ಎನ್ನಬೇಕು ಎಂಬುದನ್ನು ಯಾವ ಗ್ರಂಥವೂ ಹೇಳಿಕೊಡುವುದಿಲ್ಲ. ಕೆಲಸ ಬಲ್ಲವರ ವಿವೇಚನೆಗೆ ಬಿಟ್ಟದ್ದು ಅದು.

ಇನ್ನೊಂದು ತೊಡಕೂ ಇದೆ. ಅಂಗಡಿಯ ಜಾಲತಾಣದಲ್ಲಿ ನಾವು ಬುಟ್ಟಿಗೆ ಹಾಕಿದ ಸೀರೆ, ಪುಸ್ತಕಗಳ ಪಟ್ಟಿಯನ್ನು ಕೆಲವು ಕಡೆ ನಮಗೆ ಬಡಿಸಿದ ಯಂತ್ರವೊಂದೇ ನೆನಪಿಟ್ಟುಕೊಂಡಿರುತ್ತದೆ. ಅಂಥಲ್ಲಿ ದ್ವಾರಪಾಲಕನು ನಮ್ಮನ್ನು ಪ್ರತಿ ಸಲವೂ ಅದೇ ಯಂತ್ರದ ಬಳಿಗೆ ಕಳುಹಿಸುತ್ತಾನೆ. ಆ ಯಂತ್ರ ಹೋದರೆ ಬುಟ್ಟಿಯೂ ಹೋಯಿತು. ಎಚ್‌.ಎ. ಪ್ರಾಕ್ಸಿಯು ಬಸಿಯುವ ಸ್ಥಿತಿಯಲ್ಲಿ ಹೊಸಬರನ್ನು ತಡೆದರೂ ಇಂಥ ಹಳೆಯ ಪರಿಚಯದವರನ್ನು ಒಳಗೆ ಬಿಡುತ್ತದೆ. ಅದು ಮರ್ಯಾದೆಯ ಮಾತೇ ಸರಿ. ಆದರೆ ಪರಿಚಯದವರು ಮತ್ತೆ ಮತ್ತೆ ಬರುತ್ತಿದ್ದರೆ ದುರಸ್ತಿ ಎಂದು ನಡೆಯಬೇಕು? ಆದುದರಿಂದಲೇ ಬುದ್ಧಿವಂತರು ಗಿರಾಕಿಗಳ ಬುಟ್ಟಿಗಳನ್ನು ಯಾವೊಂದು ಯಂತ್ರದ ಸುಪರ್ದಿಗೂ ಬಿಡದೆ, ಎಲ್ಲ ಯಂತ್ರಗಳಿಗೂ ಕೈಗೆಟುಕುವ ಸಾಮಾನ್ಯ ಉಗ್ರಾಣವೊಂದರಲ್ಲಿ ಇಡಿಸುತ್ತಾರೆ. ಆಮೇಲೆ ಯಾವ ಯಂತ್ರ ಎದ್ದುಹೋದರೂ ಬುಟ್ಟಿಗೆ ಅಪಾಯವಿಲ್ಲ.

ಹೊರಡುವ ಯಂತ್ರಕ್ಕೆ ಹೇಳುವ ಮಾತಿನಲ್ಲೂ ಎರಡು ಬಗೆಯುಂಟು. ಯುನಿಕ್ಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಕಾಲದಿಂದ ಬಂದ ಸಂಕೇತಗಳಲ್ಲಿ ಹದಿನೈದನೆಯದು ‘ಕೆಲಸ ಮುಗಿಸಿ ಹೊರಡು’ ಎಂಬ ವಿನಂತಿ. ಒಂಬತ್ತನೆಯದು ಕತ್ತು ಹಿಡಿದು ನೂಕುವುದು. ಕುಬರ್ನೆಟೀಸ್ ಎಂಬ, ಈಗ ಬಹಳ ಪ್ರಚಾರದಲ್ಲಿರುವ ಮೇಲ್ವಿಚಾರಕ ತಂತ್ರಾಂಶವು ಮೊದಲು ವಿನಂತಿ ಮಾಡಿ, ಬೇರೆ ಅಪ್ಪಣೆ ಇಲ್ಲದಿದ್ದರೆ ೩೦ ಸೆಕೆಂಡು ಕಾದು, ಆಮೇಲೆ ನೂಕುತ್ತದೆ. ಇದರಲ್ಲೊಂದು ವಿನೋದವಿದೆ. ‘ಹೊರಡು’ ಎಂಬ ಮಾತು ಒಳಗಿನ ಕೆಲಸಗಾರನಿಗೂ, ‘ಇವನ ಬಳಿಗೆ ಜನರನ್ನು ಕಳುಹಿಸಬೇಡ’ ಎಂಬ ಮಾತು ದ್ವಾರಪಾಲಕನಿಗೂ ಒಂದೇ ಸಮಯಕ್ಕೆ ಹೊರಡುತ್ತವೆ. ಕೆಲಸಗಾರನು ವಿಧೇಯನಾಗಿ ತಕ್ಷಣ ಎದ್ದುಬಿಟ್ಟರೆ, ಸುದ್ದಿ ಇನ್ನೂ ಮುಟ್ಟಿರದ ದ್ವಾರಪಾಲಕನು ಖಾಲಿ ಕುರ್ಚಿಯತ್ತ ಜನರನ್ನು ಕಳುಹಿಸುತ್ತಲೇ ಇರುತ್ತಾನೆ. ಅದಕ್ಕೆ ಅನುಭವಿಗಳು ಕಂಡುಕೊಂಡ ಮದ್ದೇನೆಂದರೆ, ಹೊರಡೆಂದ ಮೇಲೂ ಕೆಲವು ಸೆಕೆಂಡು ಏನೂ ಆಗದವನಂತೆ ಕುಳಿತಿರುವಂತೆ ಅವನಿಗೆ ಕಲಿಸುವುದು!

ಒಬ್ಬನ ಪಾಲು ಮೂವರಿಗೆ

ಎಲ್ಲವೂ ಸುಸೂತ್ರವಾಗಿ ನಡೆದು ಯಂತ್ರ ಹೊರಬಿದ್ದಿತೆನ್ನಿ. ಉಳಿದವುಗಳಿಗೆ ಅದರ ಭಾರ ಹೊರುವ ತ್ರಾಣ ಇದೆಯೇ? ನಾಲ್ಕು ಯಂತ್ರಗಳು ತಮ್ಮ ಶಕ್ತಿಯ ನೂರಕ್ಕೆ ೮೦ ಪಾಲು ದುಡಿಯುತ್ತಿವೆಯೆಂದು ಇಟ್ಟುಕೊಳ್ಳೋಣ. ಒಂದನ್ನು ತೆಗೆದರೆ ಉಳಿದ ಮೂರಕ್ಕೂ ತಲಾ ೧೦೭ರಷ್ಟು ಬೀಳುತ್ತದೆ. ಮೊದಲು ಒಂದು ಕುಸಿಯುತ್ತದೆ. ಆಗ ಉಳಿದೆರಡಕ್ಕೆ ತಲಾ ೧೬೦. ಕ್ಷಣಾರ್ಧದಲ್ಲಿ ಮನೆಯೆಲ್ಲ ಕತ್ತಲು. ದುರಸ್ತಿಗೆ ಹೋದವರು ಒಂದು ಯಂತ್ರಕ್ಕೆ ಕೈಹಾಕಿ ನಾಲ್ಕನ್ನೂ ಕೆಡವಿದಂತಾಯಿತು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಕಸಬಿನ ಬಗೆಗೆ ೨೦೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೂತ್ರವಿದೆ: ಅತಿ ಗದ್ದಲದ ಹೊತ್ತಿಗೆ ಎಷ್ಟು ಬೇಕೋ ಅದಕ್ಕಿಂತ ಎರಡು ಹೆಚ್ಚಿಗೆ ಇರಲಿ, ಒಂದು ದುರಸ್ತಿಯಲ್ಲಿರುವಾಗಲೇ ಇನ್ನೊಂದು ಹೇಳದೆ ಕೇಳದೆ ಕೆಟ್ಟರೂ ನಡೆಯಬೇಕು. ಮನೆಯಲ್ಲಿ ನೆಂಟರಿರುವಾಗಲೇ ಒಲೆ ಕೆಡುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಇಷ್ಟು ಹೊತ್ತೂ ದ್ವಾರಪಾಲಕನು ಅಚಲನೆಂದು ತಿಳಿದು ಮಾತನಾಡಿದೆವು. ಅವನಿಗೂ ದುರಸ್ತಿ ಬೇಕಲ್ಲ! ಅವನನ್ನು ಎಬ್ಬಿಸಿ ಇನ್ನೊಬ್ಬನನ್ನು ನಿಲ್ಲಿಸುವ ಅರೆಗಳಿಗೆಯಲ್ಲಿ ಬಾಗಿಲು ತಟ್ಟಿದವರ ಗತಿಯೇನು? ಹೋಟೆಲು ಮುಂತಾದವುಗಳ ಬಗೆಗೆ ಜನರ ಅಭಿಪ್ರಾಯ ಪ್ರಕಟಿಸುವ ಯೆಲ್ಪ್ ಎಂಬ ಅಮೆರಿಕನ್ ಸಂಸ್ಥೆಯವರು ೨೦೧೫ರಲ್ಲಿ ಇದಕ್ಕೊಂದು ಯುಕ್ತಿ ಹೂಡಿದರು. ಹೊಸದಾಗಿ ಬರುವವರ ಮೊದಲ ತಟ್ಟನ್ನು ದಾರಿಯಲ್ಲಿಯೇ ರೆಪ್ಪೆ ಮಿಟುಕಿಸುವಷ್ಟು ಹೊತ್ತು ತಡೆದಿಟ್ಟು, ಅಷ್ಟರಲ್ಲಿ ದ್ವಾರಪಾಲಕನನ್ನು ಬದಲಿಸಿ, ಆಮೇಲೆ ತಟ್ಟನ್ನು ಒಳಗೆ ಬಿಟ್ಟರು. ತಟ್ಟಿದವರಿಗೆ ಕೊಂಚ ತಡವಾಯಿತೆನ್ನಿಸಿತೇ ಹೊರತು ಬಾಗಿಲು ಮುಚ್ಚಿದೆಯೆನ್ನಿಸಲಿಲ್ಲ. ೨೦೧೭ರ ವೇಳೆಗೆ ಎಚ್‌.ಎ. ಪ್ರಾಕ್ಸಿಯಲ್ಲಿಯೇ, ಹಳೆಯವನು ತೆರೆದಿದ್ದ ಬಾಗಿಲನ್ನು ಹಾಗೆಯೇ ಹೊಸಬನ ಕೈಗೆ ದಾಟಿಸುವ ಏರ್ಪಾಡು ಬಂದಿತು.

ದ್ವಾರಪಾಲಕನ ನೆನಪೇ ಅಳಿಸಿಹೋದ ಉದಾಹರಣೆಯೂ ಇದೆ. ೨೦೧೨ರ ಡಿಸೆಂಬರ್ ೨೪, ಕ್ರಿಸ್ಮಸ್ಸಿನ ಮುನ್ನಾದಿನ. ಅಮೆಜಾನಿನಲ್ಲಿ ನಿರ್ವಹಣೆಗೆಂದು ಇದ್ದ ಒಂದು ಕಾರ್ಯಕ್ರಮವನ್ನು ಒಬ್ಬ ತಂತ್ರಜ್ಞ ಅಚಾತುರ್ಯದಿಂದ ಚಾಲ್ತಿಯಲ್ಲಿದ್ದ ದಫ್ತರದ ಮೇಲೆಯೇ ನಡೆಸಿದ. ಯಾವ ದ್ವಾರಪಾಲಕನ ಹಿಂದೆ ಯಾವ ಯಂತ್ರಗಳಿವೆ ಎಂಬ ವಿವರಗಳ ಒಂದು ಭಾಗ ಅಳಿಸಿಹೋಯಿತು. ಯಂತ್ರಗಳೆಲ್ಲ ನೆಟ್ಟಗಿದ್ದವು, ಅವುಗಳಿಗೆ ದಾರಿ ತೋರುವವನಿಗೆ ಮರೆವು ಬಂದಿತ್ತು. ಅಮೆಜಾನಿನ ಯಂತ್ರಗಳನ್ನೇ ನಂಬಿದ್ದ ನೆಟ್‌ಫ್ಲಿಕ್ಸ್ ಸಂಸ್ಥೆಯ ಚಲನಚಿತ್ರಗಳು ಹಬ್ಬದ ಸಂಜೆ ಬಹು ಮಂದಿಯ ಮನೆಗಳಲ್ಲಿ ಬರಲಿಲ್ಲ. ಎಲ್ಲವೂ ಸರಿಹೋದದ್ದು ಮರುದಿನ ಮಧ್ಯಾಹ್ನಕ್ಕೆ. ಅಮೆಜಾನ್ ನಡೆದುದನ್ನೆಲ್ಲ ಬಹಿರಂಗವಾಗಿ ಬರೆದು ಕ್ಷಮೆ ಕೇಳಿತು. ಅದನ್ನು ಮೆಚ್ಚಬೇಕು.

ಎಂಟನೆಯ ಯಂತ್ರ

ಒಂದೊಂದಾಗಿ ಯಂತ್ರಗಳನ್ನು ಕರೆದು ದುರಸ್ತಿ ಮಾಡುವಾಗ ನಡುವೆ ಒಂದು ವಿಚಿತ್ರ ಅವಧಿ ಇರುತ್ತದೆ. ಕೆಲವು ಯಂತ್ರಗಳಲ್ಲಿ ಹೊಸ ತಂತ್ರಾಂಶ, ಕೆಲವುಗಳಲ್ಲಿ ಹಳೆಯದು. ಒಂದೇ ಅಚ್ಚಿನವೆಂದು ನಾವು ನಂಬಿದವು ಆಗ ಒಂದೇ ಅಚ್ಚಿನವಾಗಿರುವುದಿಲ್ಲ. ಆ ಅವಧಿ ಮುಗಿಯಿತೆಂದು ತಿಳಿದು ಮುಗಿಯದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ೨೦೧೨ರ ಆಗಸ್ಟ್ ೧ರಂದು ನಡೆದುದಕ್ಕಿಂತ ಬೇರೆ ನಿದರ್ಶನ ಬೇಡ.

ನೈಟ್ ಕ್ಯಾಪಿಟಲ್ ಎಂಬುದು ಅಲ್ಲಿನ ದೊಡ್ಡ ಷೇರು ವ್ಯವಹಾರದ ಸಂಸ್ಥೆ. ಗಿರಾಕಿಗಳ ಬೇಡಿಕೆಗಳನ್ನು ಪೇಟೆಗೆ ರವಾನಿಸಲು ಅದರಲ್ಲಿ ಎಂಟು ಸರ್ವರುಗಳಿದ್ದವು. ಆ ದಿನ ಷೇರುಪೇಟೆಯಲ್ಲಿ ಹೊಸ ಕ್ರಮವೊಂದು ಜಾರಿಗೆ ಬರುವುದಿತ್ತು. ಅದಕ್ಕಾಗಿ ಜುಲೈ ೨೭ರಿಂದಲೇ ಹೊಸ ತಂತ್ರಾಂಶವನ್ನು ಸರ್ವರುಗಳಿಗೆ ಹಾಕುತ್ತ ಬಂದರು. ಏಳಕ್ಕೆ ಹಾಕಿದರು. ಎಂಟನೆಯದು ಉಳಿದುಹೋಯಿತು. ಇನ್ನೊಬ್ಬರು ಬಂದು ಎಣಿಸಿ ನೋಡಬೇಕೆಂಬ ನಿಯಮವಿರಲಿಲ್ಲ, ಎಣಿಸಲಿಲ್ಲ.

ಆ ಎಂಟನೆಯದರಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕಾರ್ಯಕ್ರಮವೊಂದು ಮಲಗಿತ್ತು. ೨೦೦೩ರಲ್ಲಿಯೇ ಬಳಕೆ ನಿಂತಿದ್ದರೂ ತೆಗೆದುಹಾಕಿರಲಿಲ್ಲ. ದುರ್ದೈವವೆಂದರೆ ಹಿಂದೆ ಅದನ್ನು ಎಬ್ಬಿಸಲು ಬಳಸುತ್ತಿದ್ದ ಸಂಕೇತವನ್ನೇ ಹೊಸ ತಂತ್ರಾಂಶಕ್ಕೂ ಬಳಸಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಪೇಟೆ ತೆರೆಯಿತು. ಏಳು ಯಂತ್ರಗಳು ಸಂಕೇತವನ್ನು ಹೊಸ ಅರ್ಥದಲ್ಲಿ ತಿಳಿದವು. ಎಂಟನೆಯದು ಹಳೆಯ ಅರ್ಥದಲ್ಲಿ. ಬೇಡಿಕೆ ಪೂರ್ತಿಯಾಯಿತೆಂಬುದು ಅದರ ಗಮನಕ್ಕೆ ಬಾರದೆ ಮತ್ತೆ ಮತ್ತೆ ಷೇರುಗಳನ್ನು ಕೊಳ್ಳುತ್ತ, ಮಾರುತ್ತ ಹೋಯಿತು. ೨೧೨ ಬೇಡಿಕೆಗಳನ್ನು ಪೂರೈಸಹೊರಟದ್ದು ಸುಮಾರು ೪೫ ನಿಮಿಷಗಳಲ್ಲಿ ೧೫೪ ಕಂಪನಿಗಳ ಷೇರುಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚಿನ ವ್ಯವಹಾರಗಳಾದವು.

ಆಗ ಕಚೇರಿಯಲ್ಲಿ ನಡೆದ ಒಂದು ಸಂಗತಿ ಈ ಲೇಖನಕ್ಕೆ ಮುಖ್ಯವಾದದ್ದು. ಹೊಸ ತಂತ್ರಾಂಶದಲ್ಲಿಯೇ ದೋಷವಿದೆಯೆಂದು ಊಹಿಸಿದ ತಂತ್ರಜ್ಞರು ಅದನ್ನು ಆ ಏಳು ಯಂತ್ರಗಳಿಂದಲೂ ಕಿತ್ತುಹಾಕಿದರು. ಈಗ ಎಂಟರಲ್ಲೂ ಹಳೆಯದೇ ಉಳಿಯಿತು. ಒಂದು ಮಾಡುತ್ತಿದ್ದ ಅನಾಹುತವನ್ನು ಎಂಟೂ ಮಾಡತೊಡಗಿದವು. ಎಂಟನೆಯದೊಂದನ್ನು ಸಾಲಿನಿಂದ ಹೊರಗೆ ಕರೆದಿದ್ದರೆ ಸಾಕಾಗಿತ್ತು. ಆದರೆ ಯಾವುದು ಭಿನ್ನವಾಗಿದೆಯೆಂದು ಆ ಗಡಿಬಿಡಿಯಲ್ಲಿ ಅವರಿಗೆ ಗೊತ್ತಾಗಲಿಲ್ಲ. ಪೇಟೆ ತೆರೆಯುವ ಮೊದಲೇ ‘ಪವರ್ ಪೆಗ್’ ಹೆಸರೆತ್ತಿ ಯಂತ್ರಗಳು ತಾವಾಗಿ ೯೭ ಮಿಂಚಂಚೆಗಳನ್ನು ನೌಕರರಿಗೆ ಕಳುಹಿಸಿದ್ದವೆಂದೂ, ಅವುಗಳನ್ನು ಎಚ್ಚರಿಕೆಯೆಂದು ಯಾರೂ ಬಗೆಯಲಿಲ್ಲವೆಂದೂ ಆಮೇಲಿನ ಸರಕಾರಿ ವಿಚಾರಣೆಯಲ್ಲಿ ಹೊರಬಿತ್ತು.

ನಷ್ಟ ೪೬ ಕೋಟಿ ಡಾಲರುಗಳಿಗೂ ಮಿಕ್ಕಿತು. ಅದರ ಮೇಲೆ ೨೦೧೩ರ ಅಕ್ಟೋಬರಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಮಂಡಳಿ ವಿಧಿಸಿದ ದಂಡ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರು. ಅಷ್ಟು ಹೊತ್ತಿಗೆ ನೈಟ್ ಕ್ಯಾಪಿಟಲ್ ಸ್ವತಂತ್ರ ಸಂಸ್ಥೆಯಾಗಿ ಉಳಿದೇ ಇರಲಿಲ್ಲ. ಅದೇ ವರ್ಷ ಗೆಟ್ಕೊ ಎಂಬ ಇನ್ನೊಂದು ಸಂಸ್ಥೆಯೊಡನೆ ಸೇರಿಹೋಗಿತ್ತು.

ಈಗ ಬಹಳ ಕಡೆ ಈ ಎಣಿಕೆಯನ್ನು ಮನುಷ್ಯನ ನೆನಪಿಗೆ ಬಿಡುವುದಿಲ್ಲ. ಒಂದು ಯಂತ್ರವನ್ನು ಬಸಿಯಲು ಬಿಟ್ಟು, ಹೊಸ ತಂತ್ರಾಂಶ ಹಾಕಿ, ಅದು ಸರಿಯಾಗಿ ಎದ್ದಿತೇ ಎಂದು ಪರೀಕ್ಷಿಸಿ, ಸಾಲಿಗೆ ಮರಳಿಸಿ, ಆಮೇಲಷ್ಟೆ ಮುಂದಿನದಕ್ಕೆ ಹೋಗುವ ಕೆಲಸವನ್ನೆಲ್ಲ ಬರೆದಿಟ್ಟ ಕ್ರಮವೊಂದು ತಾನೇ ನಡೆಸುತ್ತದೆ. ಮರಳಿದ ಯಂತ್ರಕ್ಕೆ ಒಮ್ಮೆಲೇ ಪೂರ್ತಿ ಭಾರ ಹೊರಿಸುವುದಿಲ್ಲ. ಈಗ ತಾನೆ ಎದ್ದದ್ದಕ್ಕೆ ಯಾವ ಸಾಮಾನು ಎಲ್ಲಿದೆಯೆಂಬುದು ರೂಢಿಯಾಗಿರುವುದಿಲ್ಲ. ಮೊದಲು ನಾಲ್ಕು ಮಂದಿ, ಆಮೇಲೆ ನಲವತ್ತು, ಆಮೇಲೆ ಎಲ್ಲರಂತೆ. ಜ್ವರ ಬಿಟ್ಟು ಎದ್ದವರಿಗೆ ಗಂಜಿಯಿಂದ ಆರಂಭಿಸುವ ಹಾಗೆ.

ಆದರೂ ಪರದೆಯ ಮುಂದೆ ಒಬ್ಬರು ಕುಳಿತಿರುತ್ತಾರೆ. ಅಮೆರಿಕದ ಪಶ್ಚಿಮ ತೀರದಲ್ಲಿ ರಾತ್ರಿ ಎರಡಾದಾಗ, ಅಲ್ಲಿನ ಗಿರಾಕಿಗಳ ಸಂಖ್ಯೆ ತೀರ ಕಡಿಮೆಯಿರುವ ಆ ಹೊತ್ತಿಗೆ, ಬೆಂಗಳೂರಿನಲ್ಲಿ ಮಧ್ಯಾಹ್ನದ ಎರಡೂವರೆಯೋ ಮೂರೂವರೆಯೋ ಆಗಿರುತ್ತದೆ. ಅಲ್ಲಿಯವರು ನಿದ್ದೆಗೆಟ್ಟು ಮಾಡಬೇಕಾಗಿದ್ದ ಎಷ್ಟೋ ದುರಸ್ತಿಗಳನ್ನು ಇಲ್ಲಿಯ ಕಚೇರಿಗಳಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಊಟ ಮುಗಿಸಿ ಬಂದು, ನಿಧಾನವಾಗಿ ಮಾಡಿ ಮುಗಿಸುತ್ತಾರೆ. ಒಳಗೆ ಮೂರು ಮಂದಿ, ಎರಡು, ಒಂದು. ಕೊನೆಯವರು ತಮ್ಮ ಬಿಲ್ಲು ಕಟ್ಟಿ ಹೋಗುವವರೆಗೆ ಕಾಯುತ್ತಾರೆ. ಸಂಖ್ಯೆ ಸೊನ್ನೆಯಾದ ಮೇಲೆ ಮುಂದಿನ ಯಂತ್ರ.